ಕಮಲಾಪುರದಾಚೆಯ ಚರ್ಚಿನಲ್ಲಿ ಒಬ್ಬ ತಾಯಿ

ಮೈಸೂರಿನಲ್ಲಿ ಹಿಂದಿನ ಮಧ್ಯಾಹ್ನ ಹತ್ತಿದ ರೈಲು ಕಲಬುರಗಿ ಮುಟ್ಟಿದಾಗ ಬೆಳಗಿನ ಏಳು ಗಂಟೆ. ಡಿಸೆಂಬರ್ ತಿಂಗಳ ನಡುಭಾಗ, ಗುರುವಾರ. ಬಿಸಿಲಿಗೆ ಹೆಸರಾದ ಊರಿನಲ್ಲಿ ಹಮಾಲರು ತಲೆಗೆ ಮಫ್ಲರ್ ಸುತ್ತಿಕೊಂಡು ಚಹಾ ಹೀರುತ್ತಿದ್ದರು. ನನ್ನ ಬಳಿ ಎರಡು ಚೀಲಗಳಿದ್ದವು. ಒಂದರಲ್ಲಿ ಬಟ್ಟೆ, ಇನ್ನೊಂದರಲ್ಲಿ ಕ್ಯಾಮೆರಾ, ಭೂತಗನ್ನಡಿ, ಹತ್ತಿಯ ಸುರುಳಿ, ಮೆತ್ತನೆಯ ಕುಂಚಗಳು. ಸ್ಟೇಶನ್ ಬಜಾರದಿಂದ ಖೂಬಾ ಪ್ಲಾಟ್ ಬಡಾವಣೆಗೆ ಆಟೋದವನು ಎಂಬತ್ತು ರೂಪಾಯಿ ಹೇಳಿ ಅರವತ್ತಕ್ಕೆ ಒಪ್ಪಿದ.

ನಾನು ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಚಿತ್ರಕಲೆ ಕಲಿಸಿದವಳು. ರಜೆಗಳಲ್ಲಿ ಹಳೆಯ ಗೋಡೆಚಿತ್ರಗಳನ್ನು ಶುಚಿ ಮಾಡುವವರ ಜೊತೆ ತಿರುಗಿ ಆ ಕೆಲಸವನ್ನೂ ಕಲಿತೆ. ನಿವೃತ್ತಿಯ ನಂತರ ಅದೇ ನನ್ನ ಉದ್ಯೋಗವಾಗಿದೆ. ಕಮಲಾಪುರದಾಚೆಯ ಒಂದು ಹಳ್ಳಿಯ ಚರ್ಚಿನ ಗುರುಗಳಾದ ಫಾದರ್ ಲಿಯೋ ನವೆಂಬರಿನಲ್ಲಿ ಫೋನು ಮಾಡಿದ್ದರು. ಬಲಿಪೀಠದ ಹಿಂದಿನ ಗೋಡೆಯ ಮೇಲೊಂದು ಹಳೆಯ ಚಿತ್ರವಿದೆ, ತೇವ ಹಿಡಿದು ಉದುರುತ್ತಿದೆ, ಕ್ರಿಸ್‌ಮಸ್ಸಿಗೆ ಮೊದಲು ಅದರ ಮೇಲೆ ಟೈಲ್ಸ್ ಕೂರಿಸಲು ಚರ್ಚಿನ ಸಮಿತಿ ತೀರ್ಮಾನಿಸಿದೆ, ಮುಚ್ಚುವ ಮುಂಚೆ ಒಂದಿಷ್ಟು ಒಳ್ಳೆಯ ಫೋಟೋ ತೆಗೆದುಕೊಡುತ್ತೀರಾ ಎಂದು ಕೇಳಿದರು. ಉಳಿಸಿಕೊಡಿ ಎಂದು ಅವರು ಕೇಳಲಿಲ್ಲ, ನಾನೂ ಆ ಮಾತು ಎತ್ತಲಿಲ್ಲ. ಹತ್ತಿ, ಕುಂಚ ಚೀಲ ಸೇರಿದ್ದು ಬರೀ ಅಭ್ಯಾಸಬಲದಿಂದ.

ಹಳ್ಳಿಯ ಹೆಸರನ್ನು ಇಲ್ಲಿ ಬರೆಯುತ್ತಿಲ್ಲ. ಬರೆಯದಿದ್ದರೆ ಒಳ್ಳೆಯದು ಎಂದು ಅಲ್ಲಿನವರು ಹೇಳಿದರು, ಅವರ ಮಾತಿಗೆ ನಾನು ಒಪ್ಪಿದ್ದೇನೆ.

ಖೂಬಾ ಪ್ಲಾಟಿನಲ್ಲಿ ನನ್ನ ಹಳೆಯ ಗೆಳತಿ ಸುನಂದಾ ಇದ್ದಾಳೆ. ಚಿತ್ರಕಲಾ ಶಾಲೆಯಲ್ಲಿ ಒಂದೇ ಬೆಂಚಿನವರು ನಾವು. ಅವಳ ಅತ್ತೆ ಸೊಸೆಯ ಜೊತೆ ಮರಾಠಿಯಲ್ಲಿ, ನನ್ನ ಜೊತೆ ಕನ್ನಡದಲ್ಲಿ ಮಾತನಾಡುತ್ತ ತಟ್ಟೆಗೆ ಚುರುಮುರಿಯ ಬಿಸಿ ಸುಸಲಾ ಬಡಿಸಿದರು. ಜೊತೆಗೆ ಮಿರ್ಚಿ ಭಜಿ. ಫಾದರ್ ಕಳಿಸಿದ್ದ ಒಂದು ಫೋಟೋದಲ್ಲಿ ಚಿತ್ರದ ಕೆಳಮೂಲೆಗೆ ಉರ್ದುವಿನಲ್ಲಿ ಏನೋ ಬರೆದಿತ್ತು. ಅದನ್ನು ನಾನು ಸುನಂದಾಳಿಗೆ ಮೊದಲೇ ಕಳಿಸಿದ್ದೆ. ಅವಳು ವಾರವಿಡೀ ಅವರಿವರಿಗೆ ತೋರಿಸಿ ಕೊನೆಗೆ ಸ್ಟೇಶನ್ ಬಜಾರದ ಒಂದು ಫ್ಲೆಕ್ಸ್ ಅಂಗಡಿಗೆ ಹೋಗಿ ನಿಂತಿದ್ದಳು. ಅಂದು ಮಧ್ಯಾಹ್ನ ನನ್ನನ್ನೂ ಅಲ್ಲಿಗೆ ಕರೆದುಕೊಂಡು ಹೋದಳು.

ಅಂಗಡಿಯ ಇಮ್ತಿಯಾಜ್ ಅವರಿಗೆ ನಲವತ್ತೈದರ ಆಸುಪಾಸು. ಯಂತ್ರ ಸರಸರನೆ ಯಾರದೋ ಹುಟ್ಟುಹಬ್ಬದ ಬ್ಯಾನರು ಉಗುಳುತ್ತಿದ್ದಾಗ ಅವರು ನನ್ನ ಫೋನಿನ ಪರದೆಯನ್ನು ಹಿಗ್ಗಿಸಿ ಓದಿದರು: "ಕರೀಮ್, ಗುಲ್ಬರ್ಗಾ. ಇದು ನಮ್ ದಾದಾಂದೇ ಕೈ ರೀ. ಕಾಫ್ ಅಕ್ಷರ ಹೀಂಗ ಎಳಿಯೋರು ಅವರೊಬ್ರೇ."

ಅವರ ಅಜ್ಜ ಕರೀಮ್ ಸಾಹೇಬರು ಅಂಗಡಿಯ ಬೋರ್ಡು, ಸಿನೆಮಾ ಬೋರ್ಡು ಬರೆಯುತ್ತಿದ್ದರಂತೆ. ಬಣ್ಣವನ್ನು ಅಗಸೆ ಎಣ್ಣೆಯಲ್ಲಿ ಮಾತ್ರ ಅರೆಯುತ್ತಿದ್ದರು, ನೀರಿನ ಬಣ್ಣ ಮುಟ್ಟುತ್ತಿರಲಿಲ್ಲ. ಕಮಲಾಪುರದ ಕಡೆ ಒಂದು ಚರ್ಚಿಗೆ ಹೆಸರಿನ ಬೋರ್ಡು ಬರೆಯಲು ಹೋದವರು ತಿಂಗಳಾದರೂ ಬರಲಿಲ್ಲ, ಬಂದಾಗ ಬೀಬಿ ಮರಿಯಂರ, ಅಂದರೆ ಏಸುವಿನ ತಾಯಿಯ, ಚಿತ್ರ ಬರೆದು ಬಂದೆ ಎಂದರು ಎಂದು ಮನೆಯಲ್ಲಿ ಹೇಳುವುದುಂಟಂತೆ. ಚಿತ್ರವನ್ನು ಮನೆಯವರು ಯಾರೂ ನೋಡಿರಲಿಲ್ಲ. ಅದನ್ನು ಮುಚ್ಚಲಿದ್ದಾರೆ ಎಂದು ನಾನು ಹೇಳಿದಾಗ ಇಮ್ತಿಯಾಜ್ ಯಂತ್ರ ನಿಲ್ಲಿಸಿದರು. ತಾವು ಬಂದು ಒಮ್ಮೆ ನೋಡಬಹುದೇ ಎಂದು ಕೇಳಿದರು. ಭಾನುವಾರ ಬನ್ನಿ ಎಂದೆ.

ಸಂಜೆ ಕೋಟೆಗೆ ಹೋದೆವು. ಒಳಗಿನ ಜಾಮಾ ಮಸೀದಿಗೆ ಅಂಗಳವಿಲ್ಲ. ಇಡೀ ಕಟ್ಟಡಕ್ಕೆ ಚಾವಣಿ. ಗಿಡ್ಡ ಕಂಬಗಳಿಂದ ಮೇಲೇಳುವ ಅಗಲವಾದ ಕಮಾನುಗಳು ಸಾಲಾಗಿ ಒಂದರೊಳಗೊಂದು ಕಾಣುತ್ತಿದ್ದವು. ಮೊಣಕಾಲೆತ್ತರದಿಂದಲೇ ಬಾಗತೊಡಗುವ ಆ ಕಮಾನಿನ ಗೆರೆಯನ್ನು ನಾನು ನೋಟ್‌ಬುಕ್ಕಿನಲ್ಲಿ ಎರಡು ಸಲ ಬರೆದುಕೊಂಡೆ. ಮರುದಿನ ಅದು ಉಪಯೋಗಕ್ಕೆ ಬರುತ್ತದೆಂದು ಆಗ ಗೊತ್ತಿರಲಿಲ್ಲ.

ಶುಕ್ರವಾರ ಬೆಳಗ್ಗೆ ಎಂಟರ ಹೊತ್ತಿಗೆ ಹುಮನಾಬಾದ್ ಕಡೆಯ ಬಸ್ಸು ಹತ್ತಿದೆ. ಆಧಾರ್ ಕಾರ್ಡು ತೋರಿಸಿದ್ದಕ್ಕೆ ಕಂಡಕ್ಟರು ಹೆಂಗಸರ ಸೊನ್ನೆ ಟಿಕೆಟು ಹರಿದುಕೊಟ್ಟ. ಕಮಲಾಪುರಕ್ಕೆ ಮೂವತ್ತೈದು ಕಿಲೋಮೀಟರಿನಷ್ಟು ದಾರಿ, ಒಂದು ಗಂಟೆಗೆ ಸ್ವಲ್ಪ ಹೆಚ್ಚು ಹಿಡಿಯಿತು. ರಸ್ತೆಯ ಎರಡೂ ಬದಿಗೆ ತೊಗರಿ ಕಾಯಿಕಟ್ಟಿ ಕೊಯ್ಲಿಗೆ ಬರುತ್ತಿತ್ತು. ಕಮಲಾಪುರ ಬರುತ್ತಿದ್ದಂತೆ ನೆಲ ಏರಿಳಿಯತೊಡಗಿ ಮಣ್ಣು ಕೆಂಪಾಯಿತು. ಬಸ್ ನಿಲ್ದಾಣದ ಎದುರು ತಳ್ಳುಗಾಡಿಯಲ್ಲಿ ಇಲ್ಲಿಯ ಹೆಸರುವಾಸಿ ಕೆಂಪು ಬಾಳೆ. ಅರ್ಧ ಡಜನ್ ಕೊಂಡೆ. ದಪ್ಪ ಸಿಪ್ಪೆ, ಒಳಗೆ ಕೆನೆಬಣ್ಣ. ಎರಡು ಹಣ್ಣಿಗೇ ಬೆಳಗಿನ ತಿಂಡಿ ಮುಗಿದಂತಾಯಿತು.

ಫಾದರ್ ಲಿಯೋ ಮೋಟರ್‌ಸೈಕಲ್ಲಿನಲ್ಲಿ ಬಂದಿದ್ದರು. ಕಾರವಾರದ ಕಡೆಯವರು, ನಲವತ್ತು ತುಂಬಿಲ್ಲ, ಇಲ್ಲಿಗೆ ಬಂದು ಎರಡು ವರ್ಷ. ನನ್ನ ಒಂದು ಚೀಲವನ್ನು ಪೆಟ್ರೋಲ್ ಟ್ಯಾಂಕಿನ ಮೇಲಿಟ್ಟುಕೊಂಡು ಒಂಬತ್ತು ಕಿಲೋಮೀಟರು ದಾರಿಯನ್ನು ನಿಧಾನವಾಗಿ ಓಡಿಸಿದರು. ದಾರಿಯಲ್ಲಿ ಒಂದೇ ಮಾತು ಹೇಳಿದರು: ಟೈಲ್ಸಿನ ವಿಷಯದಲ್ಲಿ ಯಾರ ಮನಸ್ಸೂ ನೋಯದಂತೆ ನೋಡಿಕೊಳ್ಳಬೇಕು.

ಚರ್ಚು ಊರ ಹೊರಗೆ ಬೇವಿನ ಮರಗಳ ನಡುವೆ ಇತ್ತು. ದೊಡ್ಡದಲ್ಲ, ನೂರೈವತ್ತು ಜನ ಕೂತರೆ ತುಂಬುತ್ತದೆ. ಒಳಗೆ ಕಾಲಿಟ್ಟವಳು ಅಲ್ಲೇ ನಿಂತುಬಿಟ್ಟೆ. ಎರಡೂ ಬದಿಗೆ ಗಿಡ್ಡ ಕಂಬಗಳು, ಅವುಗಳಿಂದ ಮೊಣಕಾಲೆತ್ತರದಲ್ಲೇ ಬಾಗತೊಡಗುವ ಅಗಲ ಕಮಾನುಗಳು. ಹಿಂದಿನ ಸಂಜೆ ಕೋಟೆಯಲ್ಲಿ ಬರೆದುಕೊಂಡ ಗೆರೆಯೇ. ಫಾದರ್ ಹೇಳಿದ ಪ್ರಕಾರ ನಿಜಾಮರ ಕಾಲದಲ್ಲಿ ಪರದೇಶದ ಗುರುವೊಬ್ಬರು ಇಲ್ಲಿಗೆ ಬಂದು ನೆಲೆಸಿದರು. ಚರ್ಚು ಕಟ್ಟಲು ನಕ್ಷೆ ತಂದಿದ್ದರು, ಆದರೆ ಅವರಿಗೆ ಸಿಕ್ಕ ಗೌಂಡಿಗಳು ಗುಲ್ಬರ್ಗದವರು. ಮಸೀದಿ, ದರ್ಗಾಗಳ ಕಮಾನು ರಿಪೇರಿ ಮಾಡಿ ಕೈ ಪಳಗಿದವರು. ನಕ್ಷೆಯನ್ನು ಗೌರವದಿಂದ ನೋಡಿ, ಮಡಿಸಿಟ್ಟು, ತಮಗೆ ಬಂದಂತೆ ಕಟ್ಟಿದರಂತೆ. ಬಾಗಿಲ ಮೇಲಿನ ಕಲ್ಲಿನಲ್ಲಿ ಕನ್ನಡ, ಉರ್ದು, ಲ್ಯಾಟಿನ್ ಮೂರರಲ್ಲೂ ಚರ್ಚಿನ ಹೆಸರು ಕೆತ್ತಿದೆ.

ನೆಲಕ್ಕೆ ಶಹಾಬಾದಿನ ಫರ್ಸಿ ಕಲ್ಲು ಹಾಸಿದ್ದರು, ತುಳಿದು ತುಳಿದು ನುಣುಪಾಗಿತ್ತು. ಜ್ಞಾನಸ್ನಾನದ ತೊಟ್ಟಿಯನ್ನು ಕರಿಕಲ್ಲಿನ ದೊಡ್ಡ ಒರಳಿನಿಂದ ಮಾಡಿದ್ದರು. ಅಂಚಿಗೆ ಕಮಲದ ಎಸಳು ಕೊರೆದಿತ್ತು. ಗೋಡೆಗಳ ಮೇಲೆ ಏಸುವಿನ ಕೊನೆಯ ನಡಿಗೆಯನ್ನು ಹೇಳುವ ಶಿಲುಬೆಯ ಹಾದಿಯ ಹದಿನಾಲ್ಕು ಫಲಕಗಳು, ಅವೂ ಶಹಾಬಾದಿನ ಕಲ್ಲಿನಲ್ಲೇ. ನನಗೆ ಅವು ಬಹಳ ಹಿಡಿಸಿದವು. ಕೆತ್ತಿದವನು ರೋಮಿನ ಸೈನಿಕರನ್ನು ಕಂಡವನಲ್ಲ. ಹಾಗಾಗಿ ಏಸುವನ್ನು ಎಳೆದುಕೊಂಡು ಹೋಗುವವರು ನಿಜಾಮರ ಪೊಲೀಸರು: ಮೊಣಕಾಲಿನವರೆಗೆ ಚಡ್ಡಿ, ಕಾಲಿಗೆ ಪಟ್ಟಿ, ತಲೆಗೆ ರುಮಾಲು, ಕೈಯಲ್ಲಿ ಲಾಠಿ. ಆರನೆಯ ಫಲಕದಲ್ಲಿ ಏಸುವಿನ ಮುಖ ಒರೆಸುವ ಹೆಂಗಸು ಇಲಕಲ್ ಸೀರೆಯ ಸೆರಗನ್ನೇ ಮುಂದೆ ಹಿಡಿದಿದ್ದಾಳೆ. ಒಂದೊಂದನ್ನೂ ನೋಡುತ್ತ ಒಂದು ಗಂಟೆ ಕಳೆದದ್ದು ತಿಳಿಯಲಿಲ್ಲ.

ಕೊನೆಗೆ ಬಲಿಪೀಠದ ಹಿಂದಿನ ಗೋಡೆಗೆ ಬಂದೆ. ಎಂಟಡಿ ಅಗಲದ ಚಿತ್ರ. ಕಮಾನಿನ ಕೆಳಗೆ ಹೊರಸಿನ ಮೇಲೆ ಕೂತ ತಾಯಿ, ಮಡಿಲಲ್ಲಿ ಮಗು. ಹಿಂದೆ ಜೋಳದ ದಂಟಿನ ಸಿವುಡು, ಒಂದು ಎತ್ತು. ಕಾಣಿಕೆ ತಂದ ಮೂವರಲ್ಲಿ ಒಬ್ಬ ಪಟಗಾ ಸುತ್ತಿದ ಸಾವುಕಾರ, ಒಬ್ಬ ಶೇರ್ವಾನಿ ಮತ್ತು ರೂಮಿ ಟೊಪ್ಪಿಗೆಯ ಸಾಹೇಬ, ಇನ್ನೊಬ್ಬ ಕಂಬಳಿ ಹೊದ್ದ ಕುರುಬ. ಕುರುಬನ ಕೈಯಲ್ಲಿ ಹಾಲಿನ ಗಿಂಡಿ. ಎಡಬದಿಯ ಮೇಲ್ಭಾಗದಲ್ಲಿ ಗಾರೆ ಉಬ್ಬಿ ಉದುರಿತ್ತು. ಆದರೂ ಬಣ್ಣ ಗಟ್ಟಿಯಾಗಿತ್ತು, ಗೆರೆಯಲ್ಲಿ ಅನುಮಾನವಿರಲಿಲ್ಲ. ಸೀರೆಯ ನೆರಿಗೆ, ಎತ್ತಿನ ಮೂಗು, ತಾಯಿಯ ಕೈಗಳು ಎಲ್ಲ ಒಬ್ಬನೇ ಕಲಾವಿದನ ಕೈ. ಮುಖಗಳು ಮತ್ತು ಮಗುವಿನ ಪಾದ ಮಾತ್ರ ಬೇರೆ. ತಾಯಿಯ ಮತ್ತು ಮಗುವಿನ ಮುಖ ಗುಲಾಬಿ ಬಣ್ಣದವು, ನೀಲಿ ಕಣ್ಣು, ತೆಳು ತುಟಿ. ಕ್ಯಾಲೆಂಡರಿನಿಂದ ಕತ್ತರಿಸಿ ಅಂಟಿಸಿದಂತಿದ್ದವು. ಭೂತಗನ್ನಡಿ ಹಿಡಿದು ನೋಡಿದೆ. ಈ ಗುಲಾಬಿ ಬಣ್ಣ ಪುಡಿಪುಡಿಯಾಗಿತ್ತು, ನೀರಿನಲ್ಲಿ ಕಲಸಿ ಹಚ್ಚುವ ಡಿಸ್ಟೆಂಪರು. ಉಳಿದದ್ದೆಲ್ಲ ಎಣ್ಣೆಬಣ್ಣ. ಯಾರೋ ಆಮೇಲೆ ಹಚ್ಚಿದ್ದರು.

ಇದನ್ನು ಫಾದರ್‌ಗೆ ಹೇಳಿದಾಗ ಅವರು ಬಾಗಿಲಿನತ್ತ ನೋಡಿ ದನಿ ತಗ್ಗಿಸಿದರು. ಚರ್ಚಿನ ಹಿಂಬದಿಯ ಮನೆಯಲ್ಲಿ ರೋಸಮ್ಮ ಎಂಬ ಮುದುಕಿ ಇದ್ದಾಳೆ, ಆಕೆಗೆ ಇದನ್ನು ಹೇಳಬೇಡಿ ಎಂದರು. ಆಗ ಅವರಿಂದ ಆ ಕಥೆ ತಿಳಿಯಿತು.

ಹೈದರಾಬಾದ್ ಸಂಸ್ಥಾನವನ್ನು ಭಾರತಕ್ಕೆ ಸೇರಿಸಿದ ಪೊಲೀಸ್ ಆ್ಯಕ್ಷನ್ ಆದ ಮರುವರ್ಷ ಕರೀಮ್ ಸಾಹೇಬರು ಇಲ್ಲಿಗೆ ಬೋರ್ಡು ಬರೆಯಲು ಬಂದರು. ಆಗಿನ ಗುರುಗಳು ಕ್ರಿಸ್ತಜಯಂತಿಯ ಚಿತ್ರವನ್ನೂ ಬರೆಯಲು ಕೇಳಿ ಪರದೇಶದ ಒಂದು ಕಾರ್ಡು ಕೊಟ್ಟರು. ಇಂಥ ಹೆಂಗಸನ್ನು ನಾನು ಕಂಡಿಲ್ಲ, ಕಾಣದ್ದನ್ನು ಬರೆಯಲಾರೆ, ಮಗು ಇರುವ ತಾಯಿಯೊಬ್ಬಳನ್ನು ಎದುರಿಗೆ ಕೂರಿಸಿ ಎಂದರು ಕರೀಮ್ ಸಾಹೇಬರು. ಗಂಟೆ ಹೊಡೆಯುವವನ ಹೆಂಡತಿ ಆರು ತಿಂಗಳ ಕೂಸನ್ನು ಮಡಿಲಲ್ಲಿಟ್ಟುಕೊಂಡು ಮೂರು ಮಧ್ಯಾಹ್ನ ಮೆಟ್ಟಿಲ ಮೇಲೆ ಕೂತಳು. ಆ ಕೂಸೇ ರೋಸಮ್ಮ. ಅಂದರೆ ಗೋಡೆಯ ಮೇಲಿನ ಬಾಲಯೇಸು ನಿಜಕ್ಕೂ ಹೆಣ್ಣುಮಗು. ಶಾಲೆಯಲ್ಲಿ ಅವಳು ಹುಣಸೆಕಾಯಿ ಕದ್ದು ಸಿಕ್ಕಿಬಿದ್ದಾಗಲೆಲ್ಲ ಬಾಲಯೇಸು ಹೀಗೆ ಮಾಡಬಹುದೇ ಎಂದು ಕೇಳುತ್ತಿದ್ದರಂತೆ. ಕೂಸು ನಡೆಯಲು ಕಲಿಯುವ ಮೊದಲೇ ತಾಯಿ ಜ್ವರ ಬಂದು ತೀರಿಕೊಂಡಳು. ಅವಳ ಒಂದು ಫೋಟೋ ಇಲ್ಲ. ರೋಸಮ್ಮ ದಿನಾ ಸಂಜೆ ಚರ್ಚಿಗೆ ಬಂದು ಎಡಗಡೆಯ ಎರಡನೆಯ ಕಂಬದ ಬುಡದಲ್ಲಿ ಕೂತು ಗೋಡೆ ನೋಡುತ್ತಾಳೆ. ಅದು ತನ್ನ ತಾಯಿಯ ಮುಖವೆಂದು ಆಕೆ ನಂಬಿರುವಾಗ, ಮುಚ್ಚಿಹೋಗುವ ಕೊನೆಯ ಮೂರು ದಿನದಲ್ಲಿ ಅದನ್ನೂ ಕಸಿಯುವುದು ಯಾಕೆ ಎಂಬುದು ಫಾದರ್ ಅವರ ಸಂಕಟ. ನನಗೂ ಅದು ಸರಿ ಅನ್ನಿಸಿತು.

ಮಧ್ಯಾಹ್ನದ ಊಟ ಸಮಿತಿಯ ಹಿರಿಯರಾದ ಸಮುವೇಲಪ್ಪನವರ ಮನೆಯಲ್ಲಿ. ಅವರು ನಿವೃತ್ತ ಹೆಡ್‌ಮಾಸ್ಟರು. ಬಿಸಿ ಜೋಳದ ರೊಟ್ಟಿ, ಪುಂಡಿಪಲ್ಯ, ಶೇಂಗಾ ಹಿಂಡಿ, ಮೊಸರು. ಪಡಸಾಲೆಯಲ್ಲಿ ಟೈಲ್ಸಿನ ಪೆಟ್ಟಿಗೆಗಳನ್ನು ಅಚ್ಚುಕಟ್ಟಾಗಿ ಪೇರಿಸಿಟ್ಟಿದ್ದರು. ಒಂದನ್ನು ಬಿಚ್ಚಿ ತೋರಿಸಿದರು: ಹಾಲುಬಿಳುಪು, ಅಂಚಿಗೆ ಚಿನ್ನದ ಗೆರೆ. ಎರಡು ವರ್ಷದ ಹಿಂದೆ ತೀರಿಕೊಂಡ ಹೆಂಡತಿ ಶಾಂತಾಬಾಯಿಯ ನೆನಪಿಗೆ ತಂದದ್ದು. ಸೋಮವಾರ ಮೇಸ್ತ್ರಿ ಬರುತ್ತಾನೆ. ಊಟವಾದ ಮೇಲೆ ಅವರು, ಸಿಟ್ಟಿಲ್ಲದೆ, ತಮ್ಮ ಮಾತು ಹೇಳಿದರು. ನೀವು ದೂರದ ಊರಿಂದ ಬರುತ್ತೀರಿ, ಎರಡು ದಿನ ನೋಡಿ ಚಂದ ಅದ ಅನ್ನುತ್ತೀರಿ, ಹೋಗುತ್ತೀರಿ. ಪೂಜೆಯ ಹೊತ್ತಿಗೆ ಬಲಿಪೀಠದ ಬಟ್ಟಲೊಳಗೆ ಗಾರೆ ಉದುರುವುದು ನಮಗೆ.

ಸಂಜೆ ಕ್ಯಾಮೆರಾ ಕಾಲುಗಳನ್ನು ಜೋಡಿಸುತ್ತಿದ್ದಾಗ ರೋಸಮ್ಮ ಬಂದಳು. ಎಪ್ಪತ್ತೈದು ದಾಟಿದ, ಬಡಕಲು ದೇಹದ, ನೆಟ್ಟಗೆ ನಡೆಯುವ ಹೆಂಗಸು. ಕಂಬದ ಬುಡದಲ್ಲಿ ಕೂತು ನನ್ನ ಕೆಲಸ ನೋಡುತ್ತಿದ್ದಳು. ಫೋಟೋ ತೆಗೆದರೆ ನಿನಗೂ ಒಂದು ಕಳಿಸುತ್ತೇನೆ, ನಿಮ್ಮವ್ವನ ಮುಖದ್ದು ಎಂದು ಸಮಾಧಾನದ ದನಿಯಲ್ಲಿ ಹೇಳಿದೆ.

"ಮಾರಿ ಬ್ಯಾಡ್ರಿ ಅಕ್ಕೋರ," ಎಂದಳು ಅವಳು. ಇಲ್ಲಿಯವರು ಮುಖಕ್ಕೆ ಮಾರಿ ಎನ್ನುತ್ತಾರೆ. "ಕೈ ಅಷ್ಟೇ ತಗೀರಿ. ಆ ಮಾರಿ ನಮ್ಮವ್ವಂದಲ್ಲ."

ನಾನು ಕ್ಯಾಮೆರಾ ಬಿಟ್ಟು ಅವಳ ಪಕ್ಕ ಹೋಗಿ ಕೂತೆ.

ಮೂವತ್ತು ವರ್ಷಕ್ಕೂ ಹಿಂದೆ, ಯಾವುದೋ ದೊಡ್ಡ ಹಬ್ಬಕ್ಕೆ ಚರ್ಚು ಸುಣ್ಣ ಬಣ್ಣ ಕಂಡಾಗ ಬಂದ ಪೇಂಟರು ಮುಖಗಳನ್ನು ಬೆಳ್ಳಗೆ ಮಾಡಿ ಹೋಗಿದ್ದ. ಅವಳು ಆವತ್ತು ಅಲ್ಲೇ ಕಸ ಗುಡಿಸುತ್ತಿದ್ದಳು. "ಬ್ಯಾಡಂತ ಹ್ಯಾಂಗ ಅನ್ಲಿ? ಮರಿಯಮ್ಮನ ಮಾರಿ ಮುಟ್ಟಬ್ಯಾಡ್ರಿ, ಅದು ನಮ್ಮವ್ವನ ಮಾರಿ ಅದ ಅಂದಿದ್ರ ಮಂದಿ ನಗತಿದ್ರು. ನಂಗೂ ನೀಲಿ ಕಣ್ಣ ಮಾಡ್ಯಾನ ನೋಡ್ರಿ." ಅವಳು ಸ್ವಲ್ಪ ನಕ್ಕಳು. "ಅವತ್ತಿನಿಂದ ಮಾರಿ ನೋಡೂದು ಬಿಟ್ಟೀನಿ. ಕೈಗೆ ಅವ ಬಣ್ಣ ಹಚ್ಚಿಲ್ಲ. ದಿನಾ ಬಂದು ಕೈ ನೋಡ್ತೀನಿ."

ಅವಳು ಕೂರುವ ಜಾಗದಿಂದ ನೋಡಿದೆ. ಬಲಿಪೀಠದ ಮೇಣದಬತ್ತಿಯ ಕಂಬ ತಾಯಿಯ ಮುಖಕ್ಕೆ ಸರಿಯಾಗಿ ಅಡ್ಡ ಬರುತ್ತಿತ್ತು. ಕೂಸಿನ ಬೆನ್ನಿನ ಕೆಳಗೆ ಹರಡಿದ ಎರಡು ಕಂದು ಕೈಗಳು, ಮಣಿಕಟ್ಟಿನ ಬಳೆ, ಬೆರಳ ಸಂದಿನ ಬಿರುಕು ಕೂಡ ಕಾಣುತ್ತಿದ್ದವು. ಮೂವತ್ತು ವರ್ಷ ಎಲ್ಲರಿಗಿಂತ ಸರಿಯಾಗಿ ಚಿತ್ರವನ್ನು ನೋಡಿದವಳನ್ನು ಫಾದರ್ ಮತ್ತು ನಾನು ಕಾಪಾಡಲು ಹೊರಟಿದ್ದೆವು.

ಹಾಗಾದರೆ ಟೈಲ್ಸ್ ಹಚ್ಚುವುದಕ್ಕೆ ಯಾಕೆ ಒಪ್ಪಿದೆ ಎಂದು ಕೇಳಿದೆ. ದೇವರ ಗೋಡೆ, ಅದರಲ್ಲಿ ನನ್ನದೇನದ ಎಂದಳು. ಹಾಗೆಂದು ಹೇಳಿ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿ ಬಿಚ್ಚಿ ಮಾಡತೊಡಗಿದಳು. ನಾನು ಮೆಲ್ಲಗೆ ವಿವರಿಸಿದೆ: ಮೇಲಿನದು ನೀರಿನ ಬಣ್ಣ, ಕೆಳಗಿನದು ಎಣ್ಣೆಯದು. ಒದ್ದೆ ಹತ್ತಿಯಿಂದ ಮೇಲಿನದನ್ನು ತೆಗೆಯಬಹುದು. ಆದರೆ ಆ ಪೇಂಟರು ಹಳೆಯ ಮುಖವನ್ನು ಕೆರೆದುಹಾಕಿ ಬಣ್ಣ ಹಚ್ಚಿದ್ದರೆ ಕೆಳಗೆ ಬರೀ ಗಾರೆ ಸಿಗುತ್ತದೆ. ಇನ್ನೊಂದು ವಿಷಯವನ್ನೂ ಮುಚ್ಚಿಡಲಿಲ್ಲ. ಕೆಲಸ ಕಲಿಯುವಾಗ, ಹಳೆಯ ಮನೆಯೊಂದರ ಗೋಡೆಯಲ್ಲಿ ಆತುರಪಟ್ಟು ನಾನು ಒಂದು ಕಣ್ಣನ್ನೇ ಒರೆಸಿಬಿಟ್ಟಿದ್ದೆ. ಅದು ಈಗಲೂ ನನ್ನನ್ನು ಬಾಧಿಸುತ್ತದೆ.

ರೋಸಮ್ಮ ಸೆರಗಿನ ತುದಿಯನ್ನು ಬಿಟ್ಟಳು. "ತೊಳದು ನೋಡ್ರಿ," ಎಂದಳು. "ಇಲ್ಲಂದ್ರ ಇಲ್ಲ. ಕೈ ಅದಾವಲ್ಲ."

ಕತ್ತಲಾಗುವ ಮುಂಚೆ ಫಾದರ್ ಮತ್ತು ನಾನು ಸಮುವೇಲಪ್ಪನವರ ಮನೆಗೆ ಮತ್ತೆ ಹೋದೆವು. ರೋಸಮ್ಮ ಹೇಳಿದ್ದನ್ನು ಅವಳ ಮಾತಿನಲ್ಲೇ ಹೇಳಿದೆ. ಅರವತ್ತು ವರ್ಷ ಒಂದೇ ಓಣಿಯಲ್ಲಿದ್ದರೂ ಅವರಿಗೆ ಇದು ಗೊತ್ತಿರಲಿಲ್ಲ. ಕನ್ನಡಕ ತೆಗೆದು ಅಂಗಿಯ ತುದಿಯಿಂದ ಒರೆಸಿದರು. ಆಮೇಲೆ, ನಾಳೆ ಸಂಜೆಯ ತನಕ ನೋಡಿ, ಏನು ಸಿಕ್ಕಿತೆಂದು ತೋರಿಸಿ, ಅದಾದ ಮೇಲೆ ಮಾತಾಡೋಣ ಎಂದಷ್ಟೇ ಹೇಳಿದರು.

ಶನಿವಾರ ಬೆಳಗ್ಗೆ ಬಿಸಿಲು ಚೆನ್ನಾಗಿತ್ತು. ಬಿದಿರ ಕಡ್ಡಿಗೆ ಹತ್ತಿ ಸುತ್ತಿ, ಕಾಯಿಸಿ ಆರಿಸಿದ ನೀರಿನಲ್ಲಿ ಅದ್ದಿ ಕೂಸಿನ ಪಾದದಿಂದ ಶುರುಮಾಡಿದೆ. ಹತ್ತಿಯನ್ನು ಉಜ್ಜಬಾರದು, ಉರುಳಿಸಬೇಕು. ಒಂದು ಉರುಳಿಗೆ ಹತ್ತಿ ಗುಲಾಬಿಯಾಯಿತು. ಇಪ್ಪತ್ತು ಕಡ್ಡಿಗಳಾದ ಮೇಲೆ ಕಂದು ಬಣ್ಣದ ಐದು ಪುಟ್ಟ ಬೆರಳು ಬಂದವು. ಏಣಿ ಹಿಡಿದಿದ್ದ ಫಾದರ್ ಕೆಳಗಿನಿಂದ ಏನಾಯಿತು ಏನಾಯಿತು ಎಂದು ಕೇಳುತ್ತಲೇ ಇದ್ದರು. ಕೂಸಿನ ಮುಖ ಹನ್ನೊಂದರ ಹೊತ್ತಿಗೆ ಹೊರಬಂತು: ಬೋಳುತಲೆ, ದುಂಡು ಕೆನ್ನೆ, ಅಳುವುದೋ ಬೇಡವೋ ಎಂದು ಯೋಚಿಸುತ್ತಿರುವ ತುಟಿ, ದೃಷ್ಟಿಗೆಂದು ಕೆನ್ನೆಗಿಟ್ಟ ಕಾಡಿಗೆಯ ಬೊಟ್ಟು. ಕರೀಮ್ ಸಾಹೇಬರು ಬಾಲಯೇಸುವಿಗೂ ಅದನ್ನು ತಪ್ಪಿಸಿರಲಿಲ್ಲ.

ತಾಯಿಯ ಮುಖಕ್ಕೆ ಕೈ ಹಾಕುವ ಮುಂಚೆ ಇಳಿದು ಬಂದು ನೀರು ಕುಡಿದೆ. ಗಲ್ಲದಿಂದ ಆರಂಭಿಸಿದೆ. ಮೊದಲು ಏನೂ ಬರಲಿಲ್ಲ, ಬೂದು ಬಣ್ಣದ ಕಲೆ ಮಾತ್ರ. ಗಾರೆಯೇ ಇರಬೇಕೆನ್ನಿಸಿತು. ಹೊಸ ಹತ್ತಿ ಅದ್ದಿ ಇನ್ನೂ ನಿಧಾನ ಮಾಡಿದೆ. ಗಾರೆ ಎಂದುಕೊಂಡದ್ದು ಮೇಣದಬತ್ತಿಯ ಹಳೆಯ ಮಸಿ. ಅದರಡಿಯಿಂದ ಗೋಧಿಗಿಂತ ಗಾಢವಾದ ಮೈಬಣ್ಣ ಬಂತು, ಅದರ ನಡುವೆ ಹಸಿರು ಹಚ್ಚೆಯ ಮೂರು ಚುಕ್ಕೆಗಳು. ಆಮೇಲೆ ತುಟಿ, ಮೂಗುಬೊಟ್ಟು, ಬಲಗಣ್ಣು. ಎಡಗಡೆಯ ಹುಬ್ಬು ಮತ್ತು ಹಣೆಯ ಭಾಗ ತೇವಕ್ಕೆ ಹೋಗಿಬಿಟ್ಟಿತ್ತು; ಅಲ್ಲಿ ಬರೀ ಗಾರೆಯಿದೆ, ಅದನ್ನು ಹಾಗೆಯೇ ಬಿಟ್ಟೆ. ಮೂರೂವರೆಗೆ ಕಡ್ಡಿ ಕೆಳಗಿಟ್ಟೆ. ಬೇಗ ಮುಗಿಸಿ ಸಾಹೇಬರೇ, ಮನೆಯಲ್ಲಿ ಕೆಲಸವಿದೆ ಎನ್ನುವಂಥ ಮುಖಭಾವದ ಹುಡುಗಿಯೊಬ್ಬಳು ಗೋಡೆಯಿಂದ ನೋಡುತ್ತಿದ್ದಳು.

ಫಾದರ್ ಹೋಗಿ ರೋಸಮ್ಮನನ್ನು ಕರೆತಂದರು. ಅವಳು ಕಂಬದ ಬುಡದಲ್ಲಿ ನಿಲ್ಲದೆ ನೇರ ಬಂದು ಬಲಿಪೀಠದ ಪಕ್ಕ ನಿಂತಳು. ನಾನು ಏಣಿ ಸರಿಸಿದೆ. ಅವಳ ಕೈ ತಾನಾಗಿ ತನ್ನ ಗಲ್ಲಕ್ಕೆ ಹೋಯಿತು. ಮೂರು ಚುಕ್ಕೆ ಇದ್ದವೆಂದು ಅವಳ ಚಿಕ್ಕವ್ವ ಹೇಳುತ್ತಿದ್ದಳಂತೆ. ಆಮೇಲೆ ನನ್ನ ಕಡೆ ತಿರುಗಿದಳು.

"ಎಷ್ಟು ಸಣ್ಣಾಕಿ ಇದ್ದಾಳ್ರೀ ನಮ್ಮವ್ವ," ಎಂದಳು. "ನನ್ನ ಮಮ್ಮಗಳಕಿಂತ ಸಣ್ಣಾಕಿ."

ನಾವು ಹೊರಗೆ ಬಂದು ಅವಳನ್ನು ಅಲ್ಲಿ ಬಿಟ್ಟೆವು. ಬೇವಿನ ಮರದ ಕೆಳಗೆ ಫಾದರ್ ನನಗೆ ಚಹಾ ತಂದುಕೊಟ್ಟರು, ತಮಗೆ ತಂದುಕೊಳ್ಳುವುದನ್ನು ಮರೆತಿದ್ದರು.

ಸಮುವೇಲಪ್ಪನವರು ಐದು ಗಂಟೆಗೆ ಬಂದರು. ಒಳಗೆ ಹೋಗಿ, ರೋಸಮ್ಮನ ಹಿಂದೆ ನಿಂತು, ಕೈಕಟ್ಟಿಕೊಂಡು ನೋಡಿದರು. ಹೊರಗೆ ಬಂದವರು ನೀರು ಎಲ್ಲಿಂದ ಇಳಿಯುತ್ತದೆ ಎಂದು ಕೇಳಿದರು. ಗೋಡೆಯ ಹಿಂದಕ್ಕೆ ಕರೆದೊಯ್ದು ತೋರಿಸಿದೆ. ಚಾವಣಿಯ ನೀರು ಹರಿಯುವ ಕಲ್ಲಿನ ದೋಣಿಯಲ್ಲಿ ಬೇವಿನ ಎಲೆ, ಕಸ ತುಂಬಿ ಮಳೆನೀರು ಗೋಡೆಯೊಳಗೆ ಇಳಿಯುತ್ತಿತ್ತು. ಅವರು ತಲೆಯಾಡಿಸಿ ಹೋದರು. ಅವರ ಮನಸ್ಸಿನಲ್ಲಿ ಏನಿದೆಯೆಂದು ನನಗಾಗಲಿ ಫಾದರ್‌ಗಾಗಲಿ ತಿಳಿಯಲಿಲ್ಲ.

ಭಾನುವಾರ ಬೆಳಗ್ಗೆ ನಾನು ಎದ್ದು ಬರುವಷ್ಟರಲ್ಲಿ ಎಪ್ಪತ್ತರ ಹೆಡ್‌ಮಾಸ್ಟರು ಪಂಚೆ ಎತ್ತಿಕಟ್ಟಿ ಚರ್ಚಿನ ಮಾಳಿಗೆಯ ಮೇಲಿದ್ದರು, ಬಿದಿರಿನಿಂದ ದೋಣಿಯ ಕಸ ದೂಡುತ್ತಿದ್ದರು. ಎಂಟೂವರೆಗೆ ಚರ್ಚಿನ ಗಂಟೆ ಹೊಡೆಯಿತು. ಜನ ಬಂದು ಕೂತರು, ಕೂತವರು ಗೋಡೆ ನೋಡಿ ಪಕ್ಕದವರ ತೋಳು ಮುಟ್ಟಿದರು. ಒಬ್ಬಿಬ್ಬರಿಗೆ ಅದು ಹಿಡಿಸಲಿಲ್ಲ, ಮೊದಲೇ ಚಂದ ಇತ್ತು ಎಂದರು. ಪೂಜೆಯ ಕೊನೆಗೆ ಸಮುವೇಲಪ್ಪನವರು ಎದ್ದು ನಿಂತರು. ಗೋಡೆ ಹಾಗೆಯೇ ಇರಲಿ, ದೋಣಿ ರಿಪೇರಿ ಮಾಡಿಸೋಣ, ಟೈಲ್ಸನ್ನು ಹಿಂದಿನ ಅಡುಗೆ ಶೆಡ್ಡಿಗೆ ಹಾಕಿಸುತ್ತೇನೆ ಎಂದರು. ಶಾಂತಾಬಾಯಿ ಇಪ್ಪತ್ತೈದು ವರ್ಷ ಹಬ್ಬದ ಅಡುಗೆ ಮಾಡಿದ್ದು ಆ ಹೊಗೆ ಹಿಡಿದ ಶೆಡ್ಡಿನಲ್ಲಿ.

"ಆಕಿ ಇಲ್ಲಿ ನಿಂತದ್ದಕಿಂತ ಅಲ್ಲಿ ನಿಂತದ್ದೇ ಹೆಚ್ಚು," ಎಂದರು. "ಆಕಿ ಹೆಸರು ಅಲ್ಲೇ ಇರ್ಲಿ."

ಇಮ್ತಿಯಾಜ್ ಹತ್ತಕ್ಕೆ ಸ್ಕೂಟರಿನಲ್ಲಿ ತಮ್ಮ ತಾಯಿಯನ್ನು ಕೂರಿಸಿಕೊಂಡು ಬಂದರು. ಆಕೆ ಬಾಗಿಲಲ್ಲಿ ಚಪ್ಪಲಿ ಬಿಟ್ಟು, ತಲೆಯ ಮೇಲೆ ಸೆರಗೆಳೆದುಕೊಂಡು ಮೆಲ್ಲನೆ ಗೋಡೆಯ ಹತ್ತಿರ ಹೋದರು. ಮಾವನ ಸಹಿಯನ್ನು ಬೆರಳಿನಿಂದ ಮುಟ್ಟದೆ, ಗಾಳಿಯಲ್ಲಿ ಅದರ ಮೇಲೆ ಬೆರಳಾಡಿಸಿ ಓದಿದರು. ರೋಸಮ್ಮ ಅವರ ಕೈಹಿಡಿದು ತನ್ನ ಮನೆಗೆ ಕರೆದೊಯ್ದಳು. ಮಧ್ಯಾಹ್ನ ಎಲ್ಲರಿಗೂ ಅವಳಲ್ಲೇ ಊಟ. ಕೆಂಡದಲ್ಲಿ ಸುಟ್ಟು ಉಜ್ಜಿದ ಎಳೆಜೋಳದ ಸೀತನಿ, ಅದಕ್ಕೆ ಬೆಲ್ಲ ಮತ್ತು ಶೇಂಗಾ ಪುಡಿ. ಎರಡು ಮನೆಯ ಇಬ್ಬರು ಮುದುಕಿಯರು ಅರ್ಧ ಕನ್ನಡ ಅರ್ಧ ಉರ್ದುವಿನಲ್ಲಿ ಮಂಡಿನೋವಿನ ಮಾತಿಗೆ ಇಳಿದಿದ್ದರು. ನಾನು ಅಂಗಳದ ಬಿಸಿಲಲ್ಲಿ ಕೂತು ಸೀತನಿ ತಿಂದೆ. ಬಹಳ ದಿನದ ಮೇಲೆ ಮನಸ್ಸಿನಲ್ಲಿ ಯಾವ ಅವಸರವೂ ಇರಲಿಲ್ಲ.

ಮೂರೂವರೆಯ ಬಸ್ಸು ಹಿಡಿಯಲು ಕಮಲಾಪುರಕ್ಕೆ ಹೊರಟೆ. ಫಾದರ್ ಅವರ ಮೋಟರ್‌ಸೈಕಲ್ಲಿನ ಹಿಂದೆ ಮೂರು ಗಾಲಿಯ ಒಂದು ಟಂಟಂ ಗಾಡಿಯೂ ಬಂತು, ಅದರಲ್ಲಿ ರೋಸಮ್ಮ. ಬೇಡವೆಂದರೂ ಕೇಳಿರಲಿಲ್ಲ. ಕಲಬುರಗಿಯ ಬಸ್ಸು ತುಂಬಿಕೊಂಡೇ ಬಂತು, ಮೆಟ್ಟಿಲವರೆಗೆ ಜನ. ರೋಸಮ್ಮ ನನಗಿಂತ ಮುಂಚೆ ಮೆಟ್ಟಿಲು ಹತ್ತಿ, ಕಂಬಿ ಹಿಡಿದು ನಿಂತು, ಕಂಡಕ್ಟರನಿಗೆ ಗಟ್ಟಿಯಾಗಿ ಹೇಳಿದಳು:

"ತಮ್ಮಾ, ಈ ಅಕ್ಕೋರು ನಮ್ಮವ್ವನ ಮಾರಿ ತೊಳದು ಕೊಟ್ಟಾರ. ಇವರಿಗೆ ಖಿಡಕಿ ಸೀಟು ಕೊಡು."

ಕಂಡಕ್ಟರನಿಗೆ ಏನೂ ಅರ್ಥವಾಗಲಿಲ್ಲ. ಆದರೂ ಅವಳ ಮುಖ ನೋಡಿ, ಡ್ರೈವರಿನ ಹಿಂದೆ ಕೂತಿದ್ದ ಹುಡುಗರಲ್ಲಿ ಒಬ್ಬನನ್ನು ಎಬ್ಬಿಸಿ ನನ್ನನ್ನು ಕೂರಿಸಿದ. ಬಸ್ಸು ಹೊರಟಿತು. ಕಿಟಕಿಯಿಂದ ಹಿಂದಕ್ಕೆ ಬಗ್ಗಿ ನೋಡಿದೆ. ರೋಸಮ್ಮ ಬಾಳೆಹಣ್ಣಿನ ಗಾಡಿಯ ಪಕ್ಕ, ಬಿಸಿಲಿಗೆ ಕೈಯನ್ನು ಹಣೆಗೆ ಅಡ್ಡ ಹಿಡಿದು ನಿಂತಿದ್ದಳು. ಬಸ್ಸು ತಿರುವು ದಾಟುವ ತನಕ ಅವಳು ಆ ಕೈ ಇಳಿಸಲಿಲ್ಲ.